ಎಷ್ಟು ಡಿಗ್ರಿಯ ಬಣ್ಣ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ತೊಟ್ಟು ನೀರು. ಬೆಳಿಗ್ಗೆ ಆರು ಗಂಟೆಗೆ ಅದು ಹಿಂದಿನ ಕೋಣೆಯ ಸೂರಿನಿಂದ ಜಾರಿ, ಬೇರೆಲ್ಲೂ ಜಾಗ ಸಿಗದವರ ಹಾಗೆ ಮೇಲ್ವಿಚಾರಕನ ಎಡಗಿವಿಯೊಳಗೆ ಬಿತ್ತು.

ಅದು ಮಳೆಯ ನೀರಲ್ಲ. ಮಳೆ ನಿಂತು ತಿಂಗಳಾಗಿತ್ತು. ಆ ಕೋಣೆಯ ಗೋಡೆಗಳು ಚಳಿಗೆ ಬೆವರುತ್ತಿದ್ದವು. ಮನುಷ್ಯರಾದವರು ಸೆಕೆಗೆ ಬೆವರಿದರೆ ಈ ಗೋಡೆಗಳ ಕಸುಬೇ ಉಲ್ಟಾ. ಅವನು ಎದ್ದು ಕೂತು, ದಿಂಬಿನ ಕೆಳಗಿನಿಂದ ಥರ್ಮಾಮೀಟರ್ ಎಳೆದು ಕಣ್ಣಿನ ಹತ್ತಿರ ಹಿಡಿದ. ಹದಿಮೂರು ಡಿಗ್ರಿ. ಕಿವಿಯೊಳಗಿನ ನೀರಿಗಿಂತ ಈ ಹದಿಮೂರು ಅವನನ್ನು ಹೆಚ್ಚು ಕೆರಳಿಸಿತು.

"ಇವತ್ತು ಮುಗಿಸೇ ಬಿಡ್ತೀನಿ," ಅಂದ.

ಎರಡು ಕಂಬಳಿಗಳ ಅಡಿಯಿಂದ ಹೆಂಡತಿಯ ದನಿ ಬಂತು. "ಯಾರನ್ನ?"

"ಈ ಗೋಡೇನ."

"ಸರಿ," ಎಂದು ಅವಳು ಮಗ್ಗುಲು ಬದಲಿಸಿದಳು.

ಅವನ ಸಿಟ್ಟಿಗೆ ಅರ್ಥವಿತ್ತು. ಊರಾಚೆಯ ಶೈತ್ಯಾಗಾರದಲ್ಲಿ ಅವನು ಮೇಲ್ವಿಚಾರಕ. ಹಾಸಿಗೆಯಷ್ಟು ದಪ್ಪದ ಕೋಟು ತೊಟ್ಟು, ಎರಡು ಡಿಗ್ರಿಯ ಕೋಣೆಗಳಲ್ಲಿ ಸೇಬು, ಆಲೂಗಡ್ಡೆ ಕಾಯುವುದು ಅವನ ಉದ್ಯೋಗ. ತಂಪು ಸೋರಿಹೋಗದಂತೆ ನೋಡಿಕೊಳ್ಳಬೇಕು, ಹಾಗಾಗಿ "ಬಾಗಿಲು ಹಾಕ್ರಯ್ಯಾ" ಎಂದು ದಿನವಿಡೀ ಗಂಟಲು ಹರಿದುಕೊಳ್ಳುತ್ತಿದ್ದ. ಅಲ್ಲಿ ನಡುಗಿ ಮನೆಗೆ ಬಂದರೆ ಇಲ್ಲೂ ನಡುಕವೇ. ಸೇಬಿಗಾದರೆ ತಣ್ಣಗಿರುವುದೇ ಬದುಕು. ಅವನು ಯಾವ ತಪ್ಪಿಗೆ ತಣ್ಣಗಿರಬೇಕು?

ತಪ್ಪು ಯಾರದ್ದು ಅಂತ ಅವನಿಗೆ ಗೊತ್ತಿತ್ತು, ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಮೂರು ತಿಂಗಳ ಹಿಂದೆ ಸೋದರತ್ತೆ ಮಂಡಿ ನೋವು ತೋರಿಸಲು ಒಂದು ವಾರಕ್ಕೆಂದು ಬಂದಿದ್ದಳು. ಇರುವುದು ಎರಡೇ ಕೋಣೆ. ಬೆಳಗಿನಿಂದ ಸಂಜೆ ನಾಲ್ಕರ ತನಕ ಬಿಸಿಲು ಬೀಳುವ ಮುಂದಿನ ಕೋಣೆಯನ್ನು ಅತ್ತೆಗೆ ಬಿಟ್ಟುಕೊಟ್ಟು ಗಂಡ ಹೆಂಡತಿ ಹಿಂದಿನ ಕೋಣೆಗೆ ಗಂಟುಮೂಟೆ ಸಾಗಿಸಿದರು. ಮಂಡಿ ಎರಡೇ ವಾರದಲ್ಲಿ ವಾಸಿಯಾಯಿತು. ಅತ್ತೆ ದಿನಕ್ಕೆರಡು ಬಾರಿ ಮೆಟ್ಟಿಲು ಹತ್ತಿ ಮೇಲ್ಮನೆಯವರ ಜೊತೆ ಹರಟಿ ಬರುತ್ತಿದ್ದಳು. ಊರಿಗೆ ಹೋಗುವ ಸುದ್ದಿ ಮಾತ್ರ ಇಲ್ಲ. ಎತ್ತಿ ಆಡಿಸಿ ಬೆಳೆಸಿದವಳಿಗೆ ಹೋಗು ಅನ್ನಲು ಅವನಿಗೆ ನಾಲಗೆ ಏಳದು.

ಆದರೆ ಹದಿನೈದು ದಿನದ ಹಿಂದೆ ಅವಳೇ ಒಂದು ಮಾತು ಆಡಿದ್ದಳು. "ಆ ಹಿಂದಿನ ರೂಮು ಬೆಚ್ಚಗಿದ್ದಿದ್ರೆ ನಾನೇ ಅಲ್ಲಿರ್ತಿದ್ದೆ ಕಂದ. ನನಗೊಬ್ಬಳಿಗೆ ಯಾಕೆ ಇಷ್ಟು ದೊಡ್ಡ ರೂಮು?"

ಆ ಮಾತನ್ನು ಅವನು ಭದ್ರವಾಗಿ ಇಟ್ಟುಕೊಂಡಿದ್ದ. ಹಿಂದಿನ ಕೋಣೆ ಬೆಚ್ಚಗಾಗಬೇಕು, ಅತ್ತೆ ಅಲ್ಲಿಗೆ ಹೋಗಬೇಕು, ಬಿಸಿಲಿನ ಕೋಣೆ ತನಗೆ ವಾಪಸು ಬರಬೇಕು. ಇಷ್ಟೇ ಅವನ ಬಾಳಿನ ಸದ್ಯದ ಗುರಿ. ರಜೆ ಹಾಕಿದ್ದ, ಪೇಂಟರಿಗೆ ಹತ್ತು ಗಂಟೆಗೆ ಬರಲು ಹೇಳಿದ್ದ. ಬಣ್ಣ ಒಂದು ಆರಿಸಬೇಕಿತ್ತು.

ಹೊರಡುವಾಗ ಮುಂದಿನ ಕೋಣೆಗೆ ಇಣುಕಿದ. ಅತ್ತೆ ಮಂಚದ ಮೇಲೆ ಬಿಸಿಲು ಕಾಯುತ್ತ, ಬಟ್ಟೆಗಳನ್ನು ಮಡಚಿ ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಏನತ್ತೆ, ಬಟ್ಟೆ ಎಲ್ಲಾ ಜೋಡಿಸ್ತಾ ಇದ್ದೀರಿ?"

"ಏನಿಲ್ಲ ಕಂದ. ನೀನು ಹೋಗಿ ಬಾ, ಸಾಯಂಕಾಲ ಹೇಳ್ತೀನಿ."

ಬಣ್ಣ ಇನ್ನೂ ಅಂಗಡಿಯಲ್ಲಿದೆ, ಅತ್ತೆ ಆಗಲೇ ಕೋಣೆ ಬದಲಿಸಲು ತಯಾರಾಗಿದ್ದಾಳೆ. ವಾರದಲ್ಲಿ ಮೊದಲ ಬಾರಿ ಅವನ ಮುಖದಲ್ಲಿ ನಗು ಕಾಣಿಸಿತು. ಅದು ಬೀದಿ ತನಕವೂ ಉಳಿಯಲಿಲ್ಲ. ಅವನು ಗೇಟು ದಾಟುತ್ತಿದ್ದಂತೆ ಅತ್ತೆ ಕಿಟಕಿಯಿಂದ, "ಕಂದಾ, ಟೋಪಿ ಹಾಕ್ಕೊಂಡು ಹೋಗು," ಎಂದು ಕೂಗಿದಳು. ನಲವತ್ತೇಳು ವರ್ಷದ ಮನುಷ್ಯ, ಮೂವತ್ತು ಜನ ಕೂಲಿಗಳು ಹೆದರುವ ಮೇಲ್ವಿಚಾರಕ, ಬೀದಿಯವರೆಲ್ಲ ನೋಡುತ್ತಿರಲು ವಾಪಸು ಬಂದು ಟೋಪಿ ಹಾಕಿಕೊಂಡು ಹೋದ.

ಗೇಟಿನ ಹತ್ತಿರ ಮೇಲ್ಮನೆಯ ಮೇಷ್ಟ್ರು ಕಾದು ನಿಂತಿದ್ದರು. ವಿಜ್ಞಾನ ಕಲಿಸಿ ನಿವೃತ್ತರಾದವರು. ಮಕ್ಕಳು ಕೈ ತಪ್ಪಿದ ಮೇಲೆ ಈಗ ಬಾಡಿಗೆದಾರರಿಗೆ ಪಾಠ.

"ಬಣ್ಣಕ್ಕೆ ಹೊರಟ್ರಾ? ಕಪ್ಪು ತಗೊಳ್ಳಿ. ಕಪ್ಪು ಶಾಖ ಹೀರುತ್ತೆ."

"ಆ ರೂಮಿಗೆ ಬಿಸಿಲೇ ಬರಲ್ಲ ಮೇಷ್ಟ್ರೇ. ಏನನ್ನ ಹೀರುತ್ತೆ, ನನ್ನ ರಕ್ತಾನಾ?"

"ಹಾಗಾದ್ರೆ ಕೆಂಪು. ಕೆಂಪು ನೋಡ್ತಾ ಇದ್ರೆ ಮೈ ತಾನಾಗೇ ಕಾವೇರುತ್ತೆ."

ನಿಮ್ಮನ್ನು ನೋಡಿದರೇ ನನಗೆ ಕಾವೇರುತ್ತದೆ, ಕೋಣೆಗೆ ನಿಮ್ಮನ್ನೇ ಬಳಿಸಿಬಿಡಲೇ ಎಂದು ಅವನ ಬಾಯಿಗೆ ಬಂತು. ನುಂಗಿಕೊಂಡು ನಡೆದ.

ಬಣ್ಣದಂಗಡಿಯವನು ಸಾವಧಾನದ ಮನುಷ್ಯ. ಶೇಡ್ ಕಾರ್ಡುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರವಿದ. ಅದರಲ್ಲಿ ಒಂದು ಬಣ್ಣಕ್ಕೂ ಬಣ್ಣದ ಹೆಸರಿಲ್ಲ. ಬೆಳ್ಳಗಿದ್ದದ್ದು "ಮೊದಲ ಮಾತು", ಹಸಿರು "ಎಲೆಯ ಗುಟ್ಟು", ಮಾಸಲು ಹಳದಿ "ಹಳೆ ಪುಟ", ಕೊನೆಯಲ್ಲಿ ಕಣ್ಣು ಚುಚ್ಚುವ ಕೆಂಪೊಂದು, ಅದರ ಹೆಸರು "ಕೆಂಡ".

"ಇದನ್ನ ಯಾರು ಮನೆಗೆ ಬಳೀತಾರೆ?" ಎಂದು ಮೇಲ್ವಿಚಾರಕ ಕೆಂಡದ ಮೇಲೆ ಬೆರಳು ಕುಟ್ಟಿದ.

"ಧೈರ್ಯ ಇರೋರು ಸಾರ್. ನಿಮಗೆ ಯಾವ ರೂಮಿಗೆ?"

"ಚಳಿ ರೂಮಿಗೆ. ಬಿಸಿಲಿಲ್ಲ, ಗೋಡೆ ಬೆವರುತ್ತೆ. ಹದಿಮೂರು ಡಿಗ್ರಿ."

"ಹಾಗಾದ್ರೆ ಬೆಚ್ಚನೆಯ ಬಣ್ಣ ತಗೊಳ್ಳಿ. ಇದು ಬೆಚ್ಚಗಿದೆ ನೋಡಿ," ಎಂದು ಅಂಗಡಿಯವನು ಒಂದು ಕಿತ್ತಳೆ ಬಣ್ಣದ ಡಬ್ಬ ತೆರೆದ.

ಮೇಲ್ವಿಚಾರಕ ಜೇಬಿನಿಂದ ಥರ್ಮಾಮೀಟರ್ ತೆಗೆದು ಡಬ್ಬದೊಳಗೆ ಅದ್ದಿದ. ಅಂಗಡಿಯವನ ಬಾಯಿ ತೆರೆದೇ ಉಳಿಯಿತು.

"ಹದಿನೆಂಟು," ಅಂದ ಮೇಲ್ವಿಚಾರಕ. "ನೀಲಿ ತೆಗೀರಿ." ನೀಲಿಯೂ ಹದಿನೆಂಟು. ಬೂದು ಬಣ್ಣವೂ ಹದಿನೆಂಟು. ಥರ್ಮಾಮೀಟರಿನ ತುದಿಗೆ ಮೂರು ಬಣ್ಣ ಮೆತ್ತಿಕೊಂಡಿತು. "ಎಲ್ಲಾ ಒಂದೇ. ಯಾವುದ್ರೀ ಬೆಚ್ಚಗಿರೋದು?"

"ಹಾಗಲ್ಲ ಸಾರ್. ಬೆಚ್ಚಗೆ ಅಂದ್ರೆ ಕಣ್ಣಿಗೆ ಬೆಚ್ಚಗೆ."

"ನಾನು ಮಲಗೋದು ಕಣ್ಣು ಮುಚ್ಕೊಂಡು."

ಪಕ್ಕದಲ್ಲಿ ಬೀಗ ಕೊಳ್ಳುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ಅಷ್ಟಕ್ಕೇ ಬಿಡದೆ, "ನಮ್ಮನೇಲಿ ಗುಲಾಬಿ ಬಳಿಸಿದ್ವಿ, ಚಳಿ ಹಾಗೇ ಇದೆ, ಆದ್ರೆ ಈಗ ಬೇಜಾರಾಗಲ್ಲ," ಎಂದಳು. ಮೊಳೆ ತೂಗಿಸುತ್ತಿದ್ದ ಬಡಗಿ, ಬಣ್ಣ ಬೇಡವೇ ಬೇಡ, ಹಲಗೆ ಹೊಡೆಸಿ ಅಂದ. ಅಂಗಡಿಯವನು, ಗಾಜಿನ ಸಣ್ಣ ಸಣ್ಣ ಗುಳ್ಳೆ ಬೆರೆಸಿದ ಬಣ್ಣವೊಂದಿದೆ, ಒಳಗಿನ ಕಾವನ್ನು ಹೊರಗೆ ಬಿಡುವುದಿಲ್ಲ, ಬೇಕಾದ ಶೇಡಿನಲ್ಲಿ ಕಲಸಿಕೊಡುತ್ತೇನೆ ಅಂದ.

"ಎಷ್ಟು ಡಿಗ್ರಿ ಏರುತ್ತೆ?"

"ಅದು ಅನುಭವಕ್ಕೆ ಬರುತ್ತೆ ಸಾರ್."

"ಅನುಭವ ನಂಗೆ ಬೇಕಾದಷ್ಟಿದೆ. ಡಿಗ್ರಿ ಹೇಳಿ."

"ಡಿಗ್ರಿ ಎಲ್ಲಾ ನಮಗಿಲ್ಲ ಸಾರ್, ನಾನು ಓದಿದ್ದು ಏಳನೇ ಕ್ಲಾಸು."

ಮೇಲ್ವಿಚಾರಕ ಹಲ್ಲು ಕಡಿದ. ಅಷ್ಟರಲ್ಲಿ ಗ್ರಂಥಾಲಯದಿಂದ ಹೆಂಡತಿ ಫೋನ್ ಮಾಡಿದಳು. ಅವಳು ಅಲ್ಲಿ ಪುಸ್ತಕ ವಿತರಿಸುವವಳು. ಹಳೇ ಪುಸ್ತಕದ ಪುಟ ಇರುತ್ತದಲ್ಲ, ಆ ಬಣ್ಣವೇ ಆಗಬೇಕು, ಬೇರೆ ಏನು ತಂದರೂ ನಾನು ಒಳಗೆ ಕಾಲಿಡುವುದಿಲ್ಲ ಅಂದಳು. ಸರಿ, "ಹಳೆ ಪುಟ"ದಲ್ಲೇ ಗುಳ್ಳೆಯ ಬಣ್ಣ ಅಂತ ಮನಸ್ಸು ಮಾಡಿ ಬಾಯಿ ತೆರೆಯುವುದಕ್ಕೂ ಮತ್ತೆ ಫೋನ್ ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಈ ಬಾರಿ ಶೈತ್ಯಾಗಾರ. ಮೂರನೇ ಕೋಣೆಯ ತಂಪು ಇಳಿಯುತ್ತಿದೆ, ಎರಡಿದ್ದದ್ದು ಏಳಾಗಿದೆ, ಯಾಕೆಂದು ಯಾರಿಗೂ ಗೊತ್ತಾಗುತ್ತಿಲ್ಲ, ಕೂಡಲೇ ಬರಬೇಕು.

"ಗೊತ್ತಾಗದೆ ಏನು, ಬಾಗಿಲು ಹಾಕಿರಲ್ಲ," ಎಂದು ಗುಡುಗುತ್ತ ಅವನು ಹೊರಗೆ ಓಡಿದ. ಓಡುತ್ತಲೇ ಹಿಂದೆ ತಿರುಗಿ, "ಅದನ್ನೇ ಕಲಸಿ ಮನೆಗೆ ಕಳಿಸಿ," ಅಂದ.

"ಯಾವುದನ್ನ ಸಾರ್?"

"ಏನಿದ್ರೂ ಮನೆಗೆ ಫೋನ್ ಮಾಡಿ ಕೇಳಿ." ಮನೆಯ ನಂಬರು ಬರೆದ ಚೀಟಿ ಮೇಜಿನ ಮೇಲೆ ಬಿತ್ತು.

ಶೈತ್ಯಾಗಾರದಲ್ಲಿ ಅವನು ಹೇಳಿದ್ದೇ ನಿಜವಾಗಿತ್ತು. ಮೂರನೇ ಕೋಣೆಯ ಬಾಗಿಲಿನ ಸಂದಿಗೆ ಒಂದು ಆಲೂಗಡ್ಡೆ ಸಿಕ್ಕಿಕೊಂಡು, ಮುಚ್ಚಿದಂತೆ ಕಾಣುವ ಬಾಗಿಲು ಒಂದು ಬೆರಳಷ್ಟು ತೆರೆದೇ ಇತ್ತು. ಕೂಲಿಗಳೆಲ್ಲ ಅಷ್ಟು ಹೊತ್ತೂ ಯಂತ್ರವನ್ನು ಬೈಯುತ್ತ ನಿಂತಿದ್ದರು. ಮೇಲ್ವಿಚಾರಕ ಆ ಆಲೂಗಡ್ಡೆಯನ್ನು ಎತ್ತಿ ಹಿಡಿದು ಅರ್ಧ ಗಂಟೆ ಮಾತಾಡಿದ.

"ಕಣ್ಣಿಲ್ವಾ ನಿಮಗೆ? ಒಂದು ಬೆರಳು ಸಂದಿ ಇದ್ರೆ ಇಡೀ ಕೋಣೆ ಹಾಳು. ಯಂತ್ರ ನೋಡ್ತೀರಿ, ಗೋಡೆ ನೋಡ್ತೀರಿ, ಸಂದಿ ನೋಡಲ್ಲ. ಮೊದಲು ನೋಡಬೇಕಾದ್ದೇ ಸಂದಿ. ಇಷ್ಟು ಗೊತ್ತಾಗದವರು ಮನೇಲಿ ಹೇಗೆ ಬದುಕ್ತೀರೋ."

ಬೈದದ್ದರಿಂದ ಅವನ ಮೈ ಸ್ವಲ್ಪ ಬಿಸಿಯಾಯಿತು. ತಪ್ಪು ಮಾಡಿದವರು ತಲೆ ತಗ್ಗಿಸಿ ನಿಂತಿದ್ದು ಕಂಡು ಮನಸ್ಸಿಗೂ ಹಿತವಾಯಿತು. ಮತ್ತೆ ಎರಡು ಡಿಗ್ರಿಗೆ ಬರುವ ತನಕ ಕಾದು, ಅವನು ಮನೆ ಸೇರುವಾಗ ಸಂಜೆ ಐದು.

ಮೆಟ್ಟಿಲಿನಿಂದಲೇ ಹೊಸ ಬಣ್ಣದ ವಾಸನೆ ಬರುತ್ತಿತ್ತು. ಹಿಂದಿನ ಕೋಣೆಯ ಬಾಗಿಲಲ್ಲಿ ಹೆಂಡತಿ ಚೀಲ ಹೆಗಲಿಂದ ಇಳಿಸದೆ ನಿಂತಿದ್ದಳು. ಅವನನ್ನು ಕಂಡು ಪಕ್ಕಕ್ಕೆ ಸರಿದಳು. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ.

ನಾಲ್ಕು ಗೋಡೆಯೂ ಕೆಂಪು. ಸೌಮ್ಯವಾದ ಕೆಂಪಲ್ಲ, ಗದರಿಸುವ ಕೆಂಪು. ಸೂರಿಗೂ ಅದನ್ನೇ ಹೊಡೆದು ಮುಗಿಸಿ ಪೇಂಟರು ಏಣಿಯಿಂದ ಇಳಿಯುತ್ತಿದ್ದ. ಆ ಬೆಳಕಿನಲ್ಲಿ ಅವನ ಮುಖವೂ ಈಗಷ್ಟೇ ಯಾರನ್ನೋ ಮುಗಿಸಿ ಬಂದವನ ಮುಖದ ಹಾಗಿತ್ತು.

"ನಾನು ಹೇಳಿದ್ದು ಹಳೇ ಪುಟ," ಅಂದಳು ಹೆಂಡತಿ. "ಇದು ಇಡೀ ಪುಸ್ತಕಕ್ಕೆ ಬೆಂಕಿ ಬಿದ್ದ ಹಾಗಿದೆ."

ಮೇಲ್ವಿಚಾರಕ ಕೆಂಡಾಮಂಡಲನಾದ. ಆ ಕೋಣೆಯಲ್ಲಿ ಅದು ಬೇರೆಯಾಗಿ ಕಾಣುವಂತಿರಲಿಲ್ಲ. ಅಂಗಡಿಗೆ ಫೋನ್ ಹಚ್ಚಿ, ಬಾಯಿಗೆ ಬಂದದ್ದನ್ನೆಲ್ಲ ಅಂದು, ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅಂಗಡಿಯವನು ಸಾವಧಾನವಾಗಿ ಶುರು ಮಾಡಿದ.

"ನೀವು ಹೇಳಿದ ಹಾಗೇ ಮಾಡಿದ್ದು ಸಾರ್. ಮನೆಗೆ ಫೋನ್ ಹಚ್ಚಿದೆ. ದೊಡ್ಡವರೊಬ್ರು ತಗೊಂಡ್ರು. ಹಿಂದಿನ ರೂಮಿಗೆ ಯಾವುದಮ್ಮಾ ಅಂದೆ. 'ಹಿಂದಿನ ರೂಮಾ? ಅದು ನಮ್ಮ ಕೆಂಡಂದು' ಅಂದ್ರು."

"ಏನಂದ್ರು?"

"ಕೆಂಡ ಸಾರ್. ನಂಗೂ ಅನುಮಾನ ಬಂತು. ಖಾತ್ರಿನಾ ಅಮ್ಮ, ಕೆಂಡನೇನಾ ಅಂದೆ. 'ಹೂಂ ಕಣಪ್ಪಾ, ಹುಟ್ಟಿದಾಗಿಂದ ಅದೇ' ಅಂದ್ರು. ಬಣ್ಣ ಹುಟ್ಟೋದೇನು ಅಂತ ಯೋಚನೆ ಮಾಡಿದೆ. ಆದ್ರೆ ಬೆಳಿಗ್ಗೆ ನೀವೂ ಅದರ ಮೇಲೇ ಬೆರಳು ಕುಟ್ತಿದ್ರಿ. ಕಲಸಿಬಿಟ್ಟೆ. ಕಲಸಿದ್ದನ್ನ ವಾಪಸು ತಗೊಳ್ಳೋದಿಲ್ಲ ಸಾರ್."

ಕಂದ. ಅತ್ತೆ ಹೇಳಿದ್ದು ಕಂದ. ಮೇಲ್ವಿಚಾರಕ ಫೋನನ್ನು ಮೆಲ್ಲಗೆ ಇಳಿಸಿದ. ನಲವತ್ತೇಳು ವರ್ಷ ತನ್ನ ಮಾನ ಕಳೆದದ್ದು ಸಾಲದೆ ಆ ಮಾತು ಈಗ ನಾಲ್ಕು ಗೋಡೆಗೂ ಸೂರಿಗೂ ಹತ್ತಿಕೊಂಡಿತ್ತು. ಯಾರನ್ನು ಬೈಯಬೇಕು ಅಂತ ಅವನು ಸುತ್ತ ನೋಡಿದ. ಪೇಂಟರು ಸಿಕ್ಕಿದ.

"ನಿಂಗಾದ್ರೂ ಬುದ್ಧಿ ಬೇಡ್ವಾ? ಮಲಗೋ ರೂಮಿಗೆ ಯಾರಾದ್ರೂ ಇದನ್ನ ಬಳೀತಾರಾ?"

"ನಂಗ್ಯಾಕೆ ಸಾರ್, ನಾನಾ ಇಲ್ಲಿ ಮಲಗೋನು? ಡಬ್ಬದಲ್ಲಿ ಏನಿರುತ್ತೋ ಅದನ್ನ ಬಳೀತೀನಿ. ಅದಿರ್ಲಿ, ನಿಮ್ಮ ಚಳಿಗೆ ಬಣ್ಣ ಕಾರಣ ಅಲ್ಲ. ಇಲ್ಲಿ ಬನ್ನಿ."

ಪೇಂಟರು ಬೀರುವನ್ನು ಗೋಡೆಯಿಂದ ಎಳೆದಿಟ್ಟಿದ್ದ. ಅದರ ಹಿಂದೆ, ಮೊಣಕಾಲೆತ್ತರದಲ್ಲಿ, ಗಾರೆ ಮೆತ್ತಿದ ದುಂಡನೆಯ ಗುರುತೊಂದು ಕೆಂಪಿನ ಅಡಿಯಲ್ಲಿ ಕಾಣುತ್ತಿತ್ತು.

"ಹಳೇ ಪೈಪಿನ ತೂತು ಸಾರ್. ಕೈ ಇಟ್ರೆ ಮುಷ್ಟಿ ಆಚೆ ಬೀದಿಗೆ ಹೋಗ್ತಿತ್ತು. ಗಾಳಿ ಸುಯ್ ಅಂತ ಬರ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ಮುಚ್ಚಿಬಿಟ್ಟೆ. ಮೂರು ತಿಂಗಳು ಇಲ್ಲಿ ಮಲಗಿ ನಿಮಗೆ ಗೊತ್ತಾಗ್ಲಿಲ್ವಾ?"

ಬೀರುವನ್ನು ಅಲ್ಲಿಗೆ ತಳ್ಳಿದವನು ಮೇಲ್ವಿಚಾರಕನೇ. ಬೆಳಿಗ್ಗೆ ಮೂವತ್ತು ಜನರೆದುರು ಎತ್ತಿ ಹಿಡಿದಿದ್ದ ಆಲೂಗಡ್ಡೆ ಅವನ ಕಣ್ಣ ಮುಂದೆ ಬಂತು. ಬಣ್ಣ ಮೆತ್ತಿದ ಥರ್ಮಾಮೀಟರನ್ನು ತೆಗೆದು ಕೋಣೆಯ ನಡುವೆ ಹಿಡಿದ. ಹದಿನಾರು ದಾಟಿತು, ಹದಿನೆಂಟು ದಾಟಿತು, ಇಪ್ಪತ್ತಕ್ಕೆ ಬಂದು ನಿಂತಿತು.

"ಇಪ್ಪತ್ತು," ಅಂದ.

"ಇಪ್ಪತ್ತಾ?" ಬಾಗಿಲಲ್ಲಿ ಮೇಷ್ಟ್ರ ತಲೆ ಕಾಣಿಸಿತು. ವಾಸನೆ ಹಿಡಿದು ಇಳಿದು ಬಂದಿದ್ದರು. "ನಾನು ಬೆಳಿಗ್ಗೇನೇ ಹೇಳ್ಲಿಲ್ವಾ, ಕೆಂಪು ಅಂತ?"

"ಕೆಂಪಲ್ಲ ಮೇಷ್ಟ್ರೇ, ತೂತು."

"ತೂತಿಂದ ಶಾಖ ಬರುತ್ತೇನ್ರೀ?" ಮೇಷ್ಟ್ರು ನಕ್ಕು, ಒಳಗೆ ಬಂದು, ಗೋಡೆಗೆ ಅಂಗೈ ಇಟ್ಟು, ಅಂಗೈ ಕೆಂಪು ಮಾಡಿಕೊಂಡರು.

ವಾದ ಮಾಡಲು ಮೇಲ್ವಿಚಾರಕನಿಗೆ ಮನಸ್ಸಾಗಲಿಲ್ಲ. ಕೋಣೆ ಬಿಸಿಯೇರಿದ್ದೇ ತಡ ಅವನು ತಣ್ಣಗಾಗಿದ್ದ. ಕೆಂಪಾದರೇನು, ಕಪ್ಪಾದರೇನು, ಇನ್ನು ಮೇಲೆ ಇಲ್ಲಿ ಮಲಗುವವನು ತಾನಲ್ಲ. ಮುಂದಿನ ಕೋಣೆ ಕಣ್ಣಿಗೆ ಕಟ್ಟಿತು. ಬೆಳಿಗ್ಗೆ ಹಾಸಿಗೆ ಮೇಲೆ ಬಿಸಿಲು, ಕಾಲ ಮೇಲೆ ಬಿಸಿಲು, ಕಿವಿಯೊಳಗೆ ನೀರಿಲ್ಲ. ಅವನು ದಾಪುಗಾಲು ಹಾಕಿ ಹೋಗಿ, ಅತ್ತೆಯ ಮಂಚದ ಪಕ್ಕ ತುಂಬಿ ಕೂತಿದ್ದ ಚೀಲವನ್ನು ತಾನೇ ಹೊತ್ತು ತಂದು ಕೆಂಪು ಕೋಣೆಯ ನಡುವೆ ಇಟ್ಟ. ಅತ್ತೆ ಹಿಂದೆಯೇ ಬಂದಳು.

"ನನ್ನ ಚೀಲ ಯಾಕೆ ಇಲ್ಲಿಗೆ ತಂದೆ ಕಂದ?"

"ರೂಮು ಬೆಚ್ಚಗಾಯ್ತು ಅತ್ತೆ. ಇಪ್ಪತ್ತು ಡಿಗ್ರಿ. ನೀವೇ ಬೆಳಿಗ್ಗೆ ಬಟ್ಟೆ ಎಲ್ಲಾ ಕಟ್ಟಿ ಇಟ್ಟಿದ್ರಲ್ಲ."

"ಅಯ್ಯೋ, ಅದು ಊರಿಗೆ ಹೋಗೋಕೆ ಕಟ್ಟಿದ್ದು."

ಮೇಲ್ವಿಚಾರಕ ಅತ್ತೆಯ ಮುಖ ನೋಡಿದ.

"ಸಾಯಂಕಾಲ ಹೇಳ್ತೀನಿ ಅಂದಿದ್ನಲ್ಲ," ಅಂದಳು ಅತ್ತೆ. "ರಾತ್ರಿಯಿಡೀ ನಿನ್ನ ಹಲ್ಲು ಕಟಕಟ ಅನ್ನೋದು ಗೋಡೆ ಈಚೆಗೆ ಕೇಳ್ತಿತ್ತು. ನಾನು ಬಿಸಿಲ ರೂಮಲ್ಲಿ ಕಾಲು ಚಾಚಿ ಮಲಗೋದು, ನಾನು ಎತ್ತಿ ಆಡಿಸಿದ ಕೂಸು ಪಕ್ಕದಲ್ಲಿ ನಡುಗೋದು. ಕರುಳು ಚುರ್ ಅಂತಿತ್ತು. ನನ್ನಿಂದ ನಿಮಗ್ಯಾಕೆ ಈ ಕಷ್ಟ ಅಂತ, ಇವತ್ತು ಆರು ಗಂಟೆಗೆ ಬಂದು ಕರ್ಕೊಂಡು ಹೋಗು ಅಂತ ಮಗನಿಗೆ ಹೇಳಿದ್ದೆ."

"ಆರು ಗಂಟೆಗೆ," ಅಂದ ಮೇಲ್ವಿಚಾರಕ. ಗಡಿಯಾರದಲ್ಲಿ ಐದೂವರೆ.

"ಮಧ್ಯಾಹ್ನ ಪೇಂಟರಪ್ಪ ಕರೆದು ತೋರಿಸಿದ. ಒಳಗೆ ಬಂದು ನಿಂತೆ ನೋಡು, ಎಷ್ಟು ಬೆಚ್ಚಗಿತ್ತು ಅಂತೀಯ. ಮನಸ್ಸು ನಿರಾಳ ಆಯ್ತು. ಇನ್ನು ನೀವೂ ಸುಖವಾಗಿರ್ತೀರಿ, ನಾನ್ಯಾಕೆ ಓಡ್ಹೋಗ್ಲಿ? ಬರ್ಬೇಡಪ್ಪಾ ಅಂತ ಮಗನಿಗೆ ಮತ್ತೆ ಫೋನ್ ಮಾಡಿದೆ. ಅವನೂ ಸಂತೋಷವಾಗೇ ಒಪ್ಕೊಂಡ."

ಹೆಂಡತಿ ಬಾಗಿಲಲ್ಲೇ ಮೆಲ್ಲಗೆ ನೆಲದ ಮೇಲೆ ಕೂತಳು.

"ಆದ್ರೆ ಅತ್ತೆ," ಮೇಲ್ವಿಚಾರಕನ ಕಿವಿ ಕೆಂಪಾಗತೊಡಗಿತ್ತು. "ಈ ರೂಮು ಬೆಚ್ಚಗಿದ್ರೆ ನಾನೇ ಇಲ್ಲಿಗೆ ಬರ್ತಿದ್ದೆ ಅಂದಿದ್ರಿ."

"ಅಂದಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಈ ಕೆಂಪಲ್ಲಿ ನಂಗೆ ಎಲ್ಲಿ ನಿದ್ದೆ ಬರ್ಬೇಕು? ಕಣ್ಣು ಬಿಟ್ರೆ ಬೆಚ್ಚಿ ಬೀಳ್ತೀನಿ. ನೀವು ಬೆಚ್ಚಗಿರಿ ಕಂದ. ನಾನು ಹೇಗೋ ಆ ಬಿಸಿಲ ರೂಮಲ್ಲೇ ಹೊಂದ್ಕೊಂಡು ಹೋಗ್ತೀನಿ."

ಅತ್ತೆ ಅವನ ತಲೆ ಸವರಿ, ಚೀಲ ಎತ್ತಿಕೊಂಡು, ಮಂಡಿ ನೋವಿನ ಸುಳಿವೂ ಇಲ್ಲದ ನಡಿಗೆಯಲ್ಲಿ ಮುಂದಿನ ಕೋಣೆಗೆ ಹೋದಳು. ಬಟ್ಟೆಗಳನ್ನು ಕೊಡವಿ ಮತ್ತೆ ಕಪಾಟಿನಲ್ಲಿ ಜೋಡಿಸುವ ಸದ್ದು ಕೇಳಿಸಿತು. ಪೇಂಟರು ಏಣಿ ಮಡಚಿ ಹೆಗಲಿಗೆ ಹಾಕಿಕೊಂಡ. ಹೋಗುವ ಮುಂಚೆ ಕಿಟಕಿಯ ಎರಡೂ ಬಾಗಿಲನ್ನು ಅಗಲವಾಗಿ ತೆರೆದಿಟ್ಟ.

"ಏನು ಮಾಡ್ತಿದ್ದೀಯಾ?"

"ವಾಸನೆ ಹೋಗ್ಬೇಕಲ್ಲ ಸಾರ್. ಮೂರು ದಿನ ಹೀಗೇ ತೆಗೆದಿರ್ಲಿ. ಮುಚ್ಚಿ ಮಲಗಿದ್ರೆ ತಲೆ ಸುತ್ತುತ್ತೆ."

ಹೊರಗಿನ ಗಾಳಿ ಆತುರವಾಗಿ ಒಳಗೆ ನುಗ್ಗಿತು. ಸೂರಿನ ಮೂಲೆಯಲ್ಲಿ ಆಗಲೇ ಒಂದು ಹನಿ ಕೂಡಿಕೊಳ್ಳುತ್ತಿತ್ತು. ಮೇಲ್ವಿಚಾರಕ ಅದನ್ನೇ ನೋಡುತ್ತ ನಿಂತ. ಬೈಯಬೇಕಿತ್ತು, ಆದರೆ ತೂತು ತನ್ನದು, ಬೀರು ತನ್ನದು, ಅತ್ತೆಯೂ ತನ್ನವಳೇ. ಹೊರಗೆ ಬರಲಾರದ ಸಿಟ್ಟು ತೋಳಿನಿಂದ ಇಳಿದು ಮುಷ್ಟಿಗೆ ಬಂತು. ಮುಷ್ಟಿಯೊಳಗೆ ಥರ್ಮಾಮೀಟರ್ ಇತ್ತು.

ಮೇಷ್ಟ್ರು ಬಗ್ಗಿ, ಅವನ ಬೆರಳುಗಳ ಮೇಲೆ ಚಾಚಿದ್ದ ಗಾಜಿನ ಕಡ್ಡಿಯನ್ನು ಕನ್ನಡಕ ಸರಿಮಾಡಿಕೊಂಡು ಓದಿದರು. ಇಪ್ಪತ್ತೈದು. ಇಪ್ಪತ್ತೊಂಬತ್ತು. ಮೂವತ್ತಮೂರು.

"ಕಿಟಕಿ ತೆಗೆದ ಮೇಲೂ ಏರ್ತಾನೇ ಇದೆಯಲ್ರೀ," ಅಂದರು. "ನಮ್ಮ ರೂಮಿಗೂ ಇದೇ ಕೆಂಪು ಹೊಡೆಸಿಬಿಡ್ತೀನಿ."